ಆ ಕೀ ನನ್ನ ಹತ್ತಿರವೇ ಇರಬೇಕು

ನಿನ್ನೆ ರಾತ್ರಿ ಗೆಳೆಯನ ಫೋನು. "ಅಷ್ಟು ಅರ್ಜೆಂಟಾಗಿ ದುಡ್ಡು ಬೇಕಿತ್ತಾ? ಮೇಲ್ ಯಾಕೋ ಹಾಕಿದೆ, ಫೋನ್ ಮಾಡಬಾರದಿತ್ತಾ?" ನಾನು ಯಾವ ಮೇಲೂ ಹಾಕಿರಲಿಲ್ಲ. ಯಾರೋ ನನ್ನ ಹೆಸರು, ನನ್ನ ವಿಳಾಸ ಹಾಕಿ ಬರೆದಿದ್ದರು. ಪುಣ್ಯಕ್ಕೆ ಅವನು ಕೇಳಿದ.

ಮೇಲ್ ಸಾಗಿಸುವ ಎಸ್‌ಎಂಟಿಪಿ ಅನ್ನುವ ನಿಯಮಾವಳಿ 1982ರದ್ದು. ಬರೆದವರು ನಿಜಕ್ಕೂ ಯಾರು ಅಂತ ಅದು ನೋಡುವುದಿಲ್ಲ. ಲಕೋಟೆಯ ಮೇಲೆ 'ಇಂದ' ಅಂತ ಯಾರ ಹೆಸರು ಬೇಕಾದರೂ ಬರೆಯಬಹುದಲ್ವಾ, ಹಾಗೆ. ಆಮೇಲೆ ಸೇರಿಸಿದ ತಪಾಸಣೆಗಳು ನೋಡುವುದು ಡೊಮೇನನ್ನು, ಅಂದರೆ ವಿಳಾಸದಲ್ಲಿ @ ಆದಮೇಲಿನ ಭಾಗವನ್ನು, ಬರೆದ ಮನುಷ್ಯನನ್ನಲ್ಲ.

ಹಾಗಾಗಿ ಇವತ್ತು ಹಟ ಹಿಡಿದು ಕೂತು ಎಸ್/ಮೈಮ್ ಸರ್ಟಿಫಿಕೇಟ್ ಮಾಡಿಸಿಕೊಂಡೆ. ಮೇಲ್ ಬರೆದದ್ದು ನಾನೇ ಅಂತ ತೋರಿಸುವ ಡಿಜಿಟಲ್ ಗುರುತುಪತ್ರ ಅದು. ಅದರ ಹಿಂದೆ ಒಂದು ಜೋಡಿ ಕೀ: ಎಲ್ಲರಿಗೂ ಕೊಡುವ ಪಬ್ಲಿಕ್ ಕೀ ನನಗೆ ಬರುವ ಮೇಲ್‌ಗೆ ಬೀಗ ಹಾಕುತ್ತದೆ, ಪ್ರೈವೇಟ್ ಕೀ ಅದನ್ನು ಬಿಚ್ಚುತ್ತದೆ, ನನ್ನ ಸಹಿಯನ್ನೂ ಹಾಕುತ್ತದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಲ್ಲಿ ಮೊದಲು ಹೋದ ಕಡೆಯೇ ಸಿಟ್ಟು ಬಂತು. ಪ್ರೈವೇಟ್ ಕೀಯನ್ನು ಅವರ ಸರ್ವರ್‌ನಲ್ಲೇ ತಯಾರಿಸಿ, ಪಿ12 ಫೈಲಿನಲ್ಲಿಟ್ಟು (ಕೀ, ಸರ್ಟಿಫಿಕೇಟ್ ಎರಡನ್ನೂ ಒಟ್ಟಿಗೆ ಇಡುವ ಫೈಲು), ಪಾಸ್‌ವರ್ಡ್ ಸಮೇತ ಕೊಟ್ಟರು! ಆ ಕೀ ಇದ್ದವರು ನನ್ನ ಹೆಸರಿನಲ್ಲಿ ಸಹಿ ಹಾಕಬಹುದು, ನನಗೆ ಬಂದ ಗುಟ್ಟಿನ ಮೇಲ್ ಓದಬಹುದು. ಒಂದು ನಕಲು ಇಟ್ಟುಕೊಂಡಿಲ್ಲ ಅಂತ ನಾನು ಸುಮ್ನೆ ನಂಬಬೇಕಾ?

ಕೀ ಜೋಡಿ ನನ್ನ ಕಂಪ್ಯೂಟರಿನಲ್ಲೇ ಹುಟ್ಟಬೇಕು. ಪಬ್ಲಿಕ್ ಕೀ ಇರುವ ಸಿಎಸ್‌ಆರ್ ಅನ್ನುವ ಅರ್ಜಿಯೊಂದನ್ನೇ ಅವರಿಗೆ ಕಳಿಸಬೇಕು, ಅವರು ಅದನ್ನು ನೋಡಿ ಸರ್ಟಿಫಿಕೇಟ್ ಕೊಡಬೇಕು. ಪ್ರೈವೇಟ್ ಕೀ ಹೊಸ್ತಿಲು ದಾಟಲೇಬಾರದು. ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕೀ ಮಾಡಿಕೊಂಡು, ಸಿಎಸ್‌ಆರ್ ತೆಗೆದುಕೊಳ್ಳುವ ಬೇರೆ ಕಡೆ ಮಾಡಿಸಿದೆ. ನಾನು ಮೇಲ್ ನೋಡುವ ಥಂಡರ್‌ಬರ್ಡ್ ಸಾಫ್ಟ್‌ವೇರ್‌ಗೆ ಸೇರಿಸಿ ಆ ಗೆಳೆಯನಿಗೇ ಮೊದಲ ಸಹಿ ಮಾಡಿದ ಮೇಲ್ ಕಳಿಸಿದೆ. ಅವನಿಗೂ ಫೋನಿನಲ್ಲೇ ಹೇಳಿ ಮಾಡಿಸಿದೆ. ಅವನ ಸಹಿಯ ಜೊತೆಗೇ ಅವನ ಸರ್ಟಿಫಿಕೇಟ್, ಅದರಲ್ಲಿ ಅವನ ಪಬ್ಲಿಕ್ ಕೀ ಬಂತು, ಅದಾದ ಮೇಲೆ ಎನ್‌ಕ್ರಿಪ್ಟ್ ಮಾಡಿ, ಅಂದರೆ ಅವನೊಬ್ಬನೇ ಬಿಚ್ಚುವಂತೆ ಬೀಗ ಹಾಕಿ, ಬರೆಯಲು ಸಾಧ್ಯವಾಯಿತು. ಎಷ್ಟು ಖುಷಿ ಆಯಿತು ಗೊತ್ತಾ! (ಸಬ್ಜೆಕ್ಟ್ ಸಾಲು ಮಾತ್ರ ಸಾಮಾನ್ಯವಾಗಿ ಬಯಲಲ್ಲೇ ಇರುತ್ತದೆ. ಗುಟ್ಟು ಅಲ್ಲಿ ಬರೆಯಬೇಡಿ.)

"ಮುಚ್ಚಿಡೋಕೆ ನಿನ್ನ ಹತ್ತಿರ ಏನಿದೆ?" ಅಂತ ಕೇಳುತ್ತೀರಿ, ಗೊತ್ತು. ಸಹಿ ಮುಚ್ಚಿಡುವುದಕ್ಕಲ್ಲ, ಇದು ನಾನೇ ಅಂತ ತೋರಿಸುವುದಕ್ಕೆ. "ಮೇಲ್ ಹೇಗೂ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತಲ್ಲ" ಅನ್ನುವವರೂ ಇದ್ದೀರಿ. ಅದು ಟಿಎಲ್‌ಎಸ್ ಅನ್ನುವ ವ್ಯವಸ್ಥೆ, ಕಾಯುವುದು ದಾರಿಯನ್ನು. ಸರ್ವರ್ ಮುಟ್ಟಿದ ಮೇಲೆ ಮೇಲ್ ಅಲ್ಲಿ ತೆರೆದೇ ಇರುತ್ತದೆ. ಮತ್ತೆ ಅದೇ ಮಾತು: ಕೀ ಯಾರ ಕೈಯಲ್ಲಿದೆ?

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ನೋವಿದೆ. ಕೆಲವು ವರ್ಷದ ಹಿಂದೆ ನನ್ನ ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಇನ್ನು ಇದು ಕೆಲಸಕ್ಕೆ ಬಾರದು ಅಂದುಕೊಂಡು ಕೀ ಅಳಿಸಿದೆ. ಅವಧಿ ಮುಗಿದರೂ ಹಳೆಯ ಮೇಲ್ ಬಿಚ್ಚುವುದು ಅದೇ ಕೀ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಕ್ಕ ಆಸ್ಪತ್ರೆಯಿಂದ ನನಗೊಬ್ಬನಿಗೇ ಬರೆದ ಮೇಲ್‌ಗಳು ಇನ್ನೂ ಇನ್‌ಬಾಕ್ಸಿನಲ್ಲಿವೆ. ತಾರೀಖು ಕಾಣುತ್ತದೆ, ಸಬ್ಜೆಕ್ಟ್ ಕಾಣುತ್ತದೆ. ಒಳಗಿನ ಒಂದಕ್ಷರವೂ ಇಲ್ಲ. ಅವಳ ಆಗಿನ ಲ್ಯಾಪ್‌ಟಾಪೂ ಕೆಟ್ಟುಹೋಗಿದೆ. ಹೊಸ ಸರ್ಟಿಫಿಕೇಟ್ ಅವುಗಳನ್ನು ತೆರೆಯುವುದಿಲ್ಲ.

ಈ ಸಲ ನಾನೇ ಮಾಡಿಕೊಂಡ ಪಿ12 ಫೈಲನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಪಾಸ್‌ವರ್ಡ್ ಬೇರೆ ಕಡೆ ಬರೆದಿಟ್ಟಿದ್ದೇನೆ. ಅವಧಿ ಮುಗಿದ ಮೇಲೂ ಅಳಿಸುವುದಿಲ್ಲ. ನನ್ನ ಸಹಿ ಇಲ್ಲದೆ ನನ್ನ ಹೆಸರಿನಲ್ಲಿ ದುಡ್ಡು ಕೇಳುವ ಮೇಲ್ ಬಂದರೆ ದಯವಿಟ್ಟು ಒಂದು ಫೋನ್ ಮಾಡಿ. ಸರ್ಟಿಫಿಕೇಟ್ ಬೇಕಾದವರು ಒಂದು ಸಾಲು ಬರೆಯಿರಿ, ಉತ್ತರದ ಜೊತೆಗೇ ಬರುತ್ತದೆ.