ಕೆ ಅಂದ್ರೆ ಕರ್ನಾಟಕ

ಸಿಇಟಿ ಕೀ ಆನ್ಸರ್ ಬಿಟ್ಟ ರಾತ್ರಿ ನಮ್ಮ ಮನೆಯಲ್ಲಿ ಹತ್ತೂವರೆಯಾದರೂ ಊಟಕ್ಕೆ ಯಾರೂ ಕೂತಿರಲಿಲ್ಲ. ಮಗಳು ಪ್ರಶ್ನೆಪತ್ರಿಕೆ ಹಿಡಿದು "ಸಿ... ಬಿ... ಬಿ..." ಅಂತ ಓದುವುದು, ನಾನು ಮೊಬೈಲ್ ನೋಡಿ "ಸರಿ", "ತಪ್ಪು" ಅನ್ನುವುದು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಒಂದೊಂದಕ್ಕೆ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಕಡೆಯೆಲ್ಲ ಅವಳು ದೇವರ ಮೇಲೆ ಭಾರ ಹಾಕಿ 'ಬಿ'ಗೆ ಮಸಿ ಬಳಿದು ಬಂದಿದ್ದಳು. ಆ 'ಬಿ' ಮ್ಯಾಥ್ಸ್‌ನಲ್ಲಿ ಕೈ ಹಿಡಿಯಿತು, ಕೆಮಿಸ್ಟ್ರಿಯಲ್ಲಿ ಕೈ ಕೊಟ್ಟಿತು. ಒಟ್ಟು 180ಕ್ಕೆ 105.

ಪಿಯುಸಿಯಲ್ಲಿ ಅದೇ ಮೂರು ವಿಷಯಕ್ಕೆ 300ಕ್ಕೆ 282 ಬಂದಿತ್ತು. ಇಂಜಿನಿಯರಿಂಗ್ ರ್‍ಯಾಂಕಿಗೆ ಅದರ ಅರ್ಧ, ಇದರ ಅರ್ಧ. ಅದು ಶೇಕಡ 94, ಇದು 58 ಚಿಲ್ಲರೆ, ಸೇರಿಸಿ ಅರ್ಧ ಮಾಡಿದರೆ 76. ಇಷ್ಟಕ್ಕೆ ರ್‍ಯಾಂಕ್ ಎಷ್ಟು ಬರಬಹುದು? ರ್‍ಯಾಂಕ್ ಹೇಳುವ ಮೂರು ವೆಬ್‌ಸೈಟುಗಳನ್ನು ಕೇಳಿದೆ. ಒಂದು 7 ಸಾವಿರ ಅಂದಿತು, ಇನ್ನೊಂದು 12, ಮತ್ತೊಂದು 19. ಮೂರೂ ನನ್ನ ಮೊಬೈಲ್ ನಂಬರ್ ಮಾತ್ರ ಒಂದೂ ತಪ್ಪಿಲ್ಲದೆ ಬರೆದುಕೊಂಡವು. ಮಾರನೇ ದಿನದಿಂದ ನಾನು ಸ್ನಾನಕ್ಕೆ ಹೋದಾಗಲೇ ಫೋನ್. "ಸಾರ್, ಮ್ಯಾನೇಜ್‌ಮೆಂಟ್ ಸೀಟ್ ಬೇಕಾ? ಮಗಳ ಹೆಸರೇನು ಸಾರ್?" ಒಬ್ಬನಂತೂ ಮೂರನೇ ಸಲ ಫೋನ್ ಮಾಡಿದಾಗ "ಅಕ್ಕ, ತಿಂಡಿ ಆಯ್ತಾ" ಅಂತ ನನ್ನ ಹೆಂಡತಿಯನ್ನು ವಿಚಾರಿಸಿಕೊಳ್ಳುವಷ್ಟು ಹತ್ತಿರದವನಾಗಿಬಿಟ್ಟ.

ರ್‍ಯಾಂಕ್ ಬಂತು. 11 ಸಾವಿರ ಚಿಲ್ಲರೆ. ಆ ವೆಬ್‌ಸೈಟುಗಳನ್ನು ಇನ್ನು ನಂಬಬಾರದು ಅಂತ ತೀರ್ಮಾನಿಸಿ, ನಾನೇ ಲೆಕ್ಕಕ್ಕೆ ಕೂತೆ. ಅಲ್ಲೇ ಎಡವಟ್ಟಾಗಿದ್ದು.

ಹಿಂದಿನ ವರ್ಷ ಯಾವ ಸೀಟು ಎಷ್ಟನೇ ರ್‍ಯಾಂಕಿನವರೆಗೆ ಹೋಯಿತು ಅಂತ ಹೇಳುವ, ಪರೀಕ್ಷಾ ಪ್ರಾಧಿಕಾರದವರ ಹಳೇ ಕಟ್ ಆಫ್ ಪಟ್ಟಿ ನೋಡಿದವರಿಗೆ ಗೊತ್ತಿರುತ್ತದೆ. ಒಂದೊಂದು ಕಾಲೇಜಿಗೆ ಒಂದೊಂದು ಕೋಷ್ಟಕ. ಎಡಗಡೆ ಕೋರ್ಸ್‌ಗಳು, ಮೇಲುಗಡೆ ಸಾಲಾಗಿ 1ಜಿ, 1ಕೆ, 1ಆರ್‌ನಿಂದ ಶುರುವಾಗಿ ಎಸ್‌ಟಿಆರ್‌ವರೆಗೆ 24 ಕಾಲಂ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಅಕ್ಷರ ಸಾಸಿವೆ ಕಾಳಿನಷ್ಟು. ಓದುವ ಕನ್ನಡಕ ಹಾಕಿಕೊಂಡು, ಮಗಳ ಹಳೇ ಸ್ಕೇಲನ್ನು ಅಡ್ಡ ಇಟ್ಟು, ಒಂದೊಂದೇ ಸಾಲು ಇಳಿಯುತ್ತಾ ಹೋದೆ. ನಮ್ಮದು ಜನರಲ್ ಮೆರಿಟ್. ಆದರೆ ಅಲ್ಲಿ ಜಿಎಂ ಅಂತ ಮೂರಿದ್ದವು: ಜಿಎಂ, ಜಿಎಂಕೆ, ಜಿಎಂಆರ್.

ಯಾರನ್ನಾದರೂ ಕೇಳಬಹುದಿತ್ತು. ಮೇಲಿನ ಮನೆಯಲ್ಲೇ ನಿವೃತ್ತ ಪ್ರಿನ್ಸಿಪಾಲರಿದ್ದಾರೆ. ಆದರೆ ಇಪ್ಪತ್ತು ವರ್ಷ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತವನು ಒಂದು ಪಟ್ಟಿ ಓದೋಕೆ ಇನ್ನೊಬ್ಬರನ್ನು ಕೇಳ್ತಾನಾ? ನಾನೇ ಅರ್ಥ ಮಾಡಿಕೊಂಡೆ. ಜಿಎಂ ಅಂದ್ರೆ ಹೊರ ರಾಜ್ಯದವರೂ ಸೇರಿ. ಜಿಎಂಕೆ ಅಂದ್ರೆ ಬರೀ ಕರ್ನಾಟಕದ ಮಕ್ಕಳಿಗೆ. ಜಿಎಂಆರ್ ಅಂದ್ರೆ ರಿಸರ್ವ್‌ನಲ್ಲಿ ಇಟ್ಟ ಸೀಟು ಇರಬೇಕು, ನಮಗೆ ಅದರ ಅಗತ್ಯವಿಲ್ಲ.

ಬೆಂಗಳೂರಿನ ಒಂದು ಒಳ್ಳೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲೆ ಮಗಳ ಕಣ್ಣಿತ್ತು. ಜಿಎಂ ಕಾಲಂನಲ್ಲಿ 4 ಸಾವಿರ ಚಿಲ್ಲರೆಗೇ ಮುಗಿದಿತ್ತು. ಪಕ್ಕದ ಜಿಎಂಕೆಯಲ್ಲಿ 13 ಸಾವಿರದವರೆಗೆ ಹೋಗಿತ್ತು. ನನಗೆ ಸರ್ಕಾರದ ಮೇಲೆ ಗೌರವ ಉಕ್ಕಿಬಂತು. ನಮ್ಮ ಮಕ್ಕಳ ಬಗ್ಗೆ ಎಷ್ಟು ಕಾಳಜಿ ನೋಡಿ! "ಎರಡು ಸಾವಿರ ಮಾರ್ಜಿನ್ ಇಟ್ಟುಕೊಂಡು ಬರುತ್ತೆ" ಅಂತ ಘೋಷಿಸಿದೆ. ಅತ್ತೆ ಮನೆಗೆ ಫೋನ್ ಹೋಯಿತು. ಗಾಂಧಿ ಬಜಾರಿನಿಂದ ಅರ್ಧ ಕೆಜಿ ಮೈಸೂರು ಪಾಕ್ ಬಂತು.

ಆಪ್ಷನ್ ಎಂಟ್ರಿಯಲ್ಲಿ ಎಷ್ಟು ಕಾಲೇಜು ಬೇಕಾದರೂ ಹಾಕಬಹುದು. ಜನ ನೂರು, ನೂರೈವತ್ತು ಹಾಕುತ್ತಾರೆ. ನಾವು ಹಾಕಿದ್ದು 12. "ಇನ್ನಷ್ಟು ಹಾಕ್ರಿ, ದುಡ್ಡೇನೂ ಕೊಡಬೇಕಾಗಿಲ್ವಲ್ಲ" ಅಂದಳು ಹೆಂಡತಿ. "ಸಂತೇಲಿ ಸೊಪ್ಪು ಕೊಳ್ತಿದ್ದೀವಾ?" ಅಂತ ಬಾಯಿ ಮುಚ್ಚಿಸಿದೆ.

ಪುಣ್ಯಕ್ಕೆ ಅಣಕು ಹಂಚಿಕೆ ಅಂತ ಒಂದಿದೆ. ನಿಜವಾದ ಸೀಟು ಕೊಡುವ ಮೊದಲು, ನಿಮ್ಮ ಪಟ್ಟಿಗೆ ಏನು ಸಿಗಬಹುದು ಅಂತ ತೋರಿಸುತ್ತಾರೆ. ಆಮೇಲೆ ಪಟ್ಟಿ ತಿದ್ದಿಕೊಳ್ಳಬಹುದು. ನಮಗೆ ತೋರಿಸಿದ್ದು, ಯಾವ ಸೀಟೂ ಇಲ್ಲ ಅಂತ. 12ರಲ್ಲಿ ಒಂದೂ ಇಲ್ಲ.

"ಏನೋ ಮಿಸ್ಟೇಕ್ ಆಗಿದೆ, ನಾಳೆ ಮಲ್ಲೇಶ್ವರಂ ಆಫೀಸಿಗೇ ಹೋಗ್ತೀನಿ" ಅಂತ ಶಿವಮೊಗ್ಗದಿಂದ ಬೆಳಗಿನ ಜಾವದ ರೈಲು ಹುಡುಕತೊಡಗಿದೆ. ಅಷ್ಟರಲ್ಲಿ ಮಗಳು ನನ್ನ ಪ್ರಿಂಟ್ ತೆಗೆದುಕೊಂಡು ನೋಡಿದಳು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೆಲ್ಲ ಒಂದೇ ಕಾಲಂನಲ್ಲಿ.

"ಅಪ್ಪ, ಕೆ ಅಂದ್ರೆ ಏನು?"

"ಕರ್ನಾಟಕ."

"ಕನ್ನಡ ಮಾಧ್ಯಮ ಅಪ್ಪ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇಕಡ 5 ಸೀಟು ಇರುತ್ತಲ್ಲ, ಅದು. ಆರ್ ಅಂದ್ರೆ ರೂರಲ್."

ನಾನು ಫ್ಯಾನ್ ನೋಡಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಇಂಗ್ಲಿಷ್ ಮೀಡಿಯಂ ಅಪ್ಲಿಕೇಶನ್‌ಗೆ ಬೆಳಿಗ್ಗೆ ನಾಲ್ಕು ಗಂಟೆಗೆ ಸ್ವೆಟರ್ ಹಾಕ್ಕೊಂಡು ಕ್ಯೂ ನಿಂತವರು ಯಾರು ಅಂತ ಅವಳಿಗೂ ಹೇಳಿ."

ಹೇಳಲಿಲ್ಲ. ಆದರೆ ಒಂದು ವಿಷಯ ಹೊಟ್ಟೆ ಉರಿಸಿತು. ನಾನು ಹತ್ತನೇ ಕ್ಲಾಸಿನವರೆಗೂ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವನು. ಕೆ, ಆರ್ ಎರಡೂ ನನಗೇ ಹೇಳಿ ಮಾಡಿಸಿದ ಹಾಗಿವೆ. ನವೆಂಬರ್‌ನಲ್ಲಿ ಆಫೀಸಿನ ರಾಜ್ಯೋತ್ಸವದ ಭಾಷಣವೂ ಪ್ರತಿ ವರ್ಷ ನನ್ನದೇ.

ಆ ರಾತ್ರಿ ಮೇಲಿನ ಮನೆಯ ಪ್ರಿನ್ಸಿಪಾಲರನ್ನೇ ಕರೆದೆವು. ಮಗಳು ಲ್ಯಾಪ್‌ಟಾಪ್ ಮುಂದೆ, ಅವರು ಪಕ್ಕದಲ್ಲಿ, ನಾನು ಕಾಫಿ ತಂದುಕೊಡುವ ಕೆಲಸದಲ್ಲಿ. 12 ಇದ್ದದ್ದು 96 ಆಯಿತು. ಅತ್ತೆ ಮತ್ತೆ ಫೋನ್ ಮಾಡಿ "ಸೀಟ್ ಕನ್‌ಫರ್ಮ್ ಆಯ್ತಾ ಅಳಿಯಂದ್ರೇ" ಅಂದರು. ಸಿಗ್ನಲ್ ಇಲ್ಲ ಅಂದೆ.

ಕೊನೆಗೆ ಮಗಳಿಗೆ 41ನೇ ಆಪ್ಷನ್ ಸಿಕ್ಕಿತು. ಬೆಂಗಳೂರಿನದೇ ಬೇರೊಂದು ಕಾಲೇಜು, ಎಲೆಕ್ಟ್ರಾನಿಕ್ಸ್. ಈ ಸೀಟೇ ಸಾಕು ಅನ್ನುವ ಚಾಯ್ಸ್ 1 ಕೊಟ್ಟು ಫೀಸು ಕಟ್ಟಿದೆವು. ಚಾಯ್ಸ್ 2 ಕೊಟ್ಟು ಇನ್ನೊಂದು ರೌಂಡ್ ಕಾಯೋಣವೇ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಇಬ್ಬರೂ ಒಟ್ಟಿಗೆ "ಬೇಡ" ಅಂದರು.

ಹೋದ ಭಾನುವಾರ ಪಿಜಿಯಿಂದ ಮಗಳ ಫೋನ್ ಬಂತು. ಊಟ ಪರವಾಗಿಲ್ಲ, ಸಾಂಬಾರು ಮಾತ್ರ ಸಿಹಿ ಅಂದಳು. ರೂಮಿಗೆ ಚಿತ್ರದುರ್ಗ ಕಡೆಯ ಹುಡುಗಿ ಬಂದಿದ್ದಾಳಂತೆ. ನಾವು ಮೊದಲು ಆಸೆಪಟ್ಟಿದ್ದೆವಲ್ಲ, ಅದೇ ಕಾಲೇಜು, ಕಂಪ್ಯೂಟರ್ ಸೈನ್ಸ್.

"ಅವಳ ರ್‍ಯಾಂಕ್ ಎಷ್ಟಂತೆ?"

"12 ಸಾವಿರದ ಮೇಲೆ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ನಿನ್ನ ಲೆಕ್ಕ ಸರಿಯಾಗೇ ಇತ್ತಪ್ಪ. ಅವಳಿಗೆ."