ಇದು ನಮ್ಮದೇ ಅಲ್ವಾ!

ನಮ್ಮ ಅಡುಗೆಮನೆಯ ಛಾವಣಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಹಳದಿ ಕಲೆ ಇದೆ. ಬಾಡಿಗೆ ಮನೆ. ಬಿಡುವಾಗ ಓನರಿಗೆ ಏನು ಹೇಳಬೇಕು ಅಂತ ಈಗಿನಿಂದಲೇ ಟರ್ಕಿಶ್‌ನಲ್ಲಿ ವಾಕ್ಯ ಜೋಡಿಸಿಕೊಳ್ಳುತ್ತಿದ್ದೇನೆ. ಕಲೆಗೆ ಕಾರಣ ನನ್ನ ಬಾಯಲ್ಲಿ ಸದಾ ಇರುವ ಮೂರು ಮಾತು: "ಇದು ನಮ್ಮದೇ ಅಲ್ವಾ!"

ನಾವಿರುವುದು ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿ, ಕಾದಿಕೋಯ್ ಎಂಬಲ್ಲಿ. ಇಲ್ಲಿ ಕೆಲಸ ಸಿಕ್ಕಿದ್ದು ಹೆಂಡತಿಗೆ. ನಾನು ಮನೆಯಿಂದಲೇ ಕೆಲಸ ಮಾಡುವವನು, ಹಾಗಾಗಿ ಅಡುಗೆಮನೆ ನನ್ನ ಪಾಲಿಗೆ ಬಂತು. ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಎಲ್ಲರೂ ಅವರನ್ನು ತೆಯ್ಜೆ ಅನ್ನುತ್ತಾರೆ. ಅಂದರೆ ಅಮ್ಮನ ಅಕ್ಕನೋ ತಂಗಿಯೋ, ನಮ್ಮ ದೊಡ್ಡಮ್ಮ ಚಿಕ್ಕಮ್ಮ ಇದ್ದಹಾಗೆ. ಅವರು ನನ್ನನ್ನು ಕರೆಯುವುದು ಓಲುಮ್, ಮಗನೇ ಅಂತ. ವಾರಕ್ಕೊಮ್ಮೆ ಬಾಗಿಲು ತಟ್ಟಿ ಏನಾದರೂ ತುಂಬಿದ ತಟ್ಟೆ ಕೊಡುತ್ತಾರೆ. ಆ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮಲ್ಲೂ ಉಂಟು, ಇಲ್ಲೂ ಉಂಟು. ನನ್ನ ಕಷ್ಟಗಳೆಲ್ಲ ಶುರುವಾದದ್ದು ಅಲ್ಲಿಂದ.

ಮೊದಲು ಕೈ ಹಾಕಿದ್ದು ಕಾಫಿಗೆ. ಚಿಕ್ಕಮಗಳೂರು ಕಡೆಯವನು ನಾನು. ಬಾಬಾಬುಡನ್ ಯೆಮೆನ್‌ನ ಮೋಕಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದರು ಅನ್ನುವ ಕತೆ ಕೇಳುತ್ತಲೇ ಬೆಳೆದವನು. ಇಸ್ತಾಂಬುಲ್ಲಿಗೂ ಕಾಫಿ ಬಂದದ್ದು ಯೆಮೆನ್ ಕಡೆಯಿಂದಲೇ. 1550ರ ದಶಕದಲ್ಲೇ ಇಲ್ಲಿನ ತಹ್ತಕಲೆಯಲ್ಲಿ ಕಾಫಿ ಅಂಗಡಿಗಳು ತೆರೆದಿದ್ದವು. ಹಾಗಾದರೆ ಬೀಜ ಒಂದೇ, ಕಾಫಿಯೂ ಒಂದೇ ಅಲ್ವಾ? ಅದೇ ತಹ್ತಕಲೆಯಿಂದ ಕಾಲು ಕಿಲೋ ಪುಡಿ ತಂದೆ. ಊರಿಂದ ಹೊತ್ತು ತಂದಿದ್ದ ಸ್ಟೀಲ್ ಫಿಲ್ಟರಿಗೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಕೆಳಗಿನ ಡಬ್ಬಿಯಲ್ಲಿ ಒಂದು ಹನಿಯೂ ಇಲ್ಲ. ಮೇಲೆ ನೀರು ಕೆರೆಯಂತೆ ನಿಂತಿತ್ತು. ಟರ್ಕಿಯ ಕಾಫಿ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಅದು ಫಿಲ್ಟರಿನ ಒಂದೊಂದು ತೂತಿಗೂ ಸಿಮೆಂಟು ಹಾಕಿಬಿಟ್ಟಿತ್ತು. ತಟ್ಟಿದೆ, ಕುಲುಕಿದೆ, ಕೊನೆಗೆ ಊದಿದೆ. ಮೇಲಿದ್ದದ್ದು ನನ್ನ ಮುಖಕ್ಕೇ ಬಂತು.

ತೆಯ್ಜೆ ನೋಡಿ ಕನಿಕರಪಟ್ಟು ಜೆಜ್ವೆ ತಂದರು. ಉದ್ದ ಹಿಡಿಯ ಪುಟ್ಟ ಪಾತ್ರೆ ಅದು. ಅದರಲ್ಲೇ ತಣ್ಣೀರು, ಪುಡಿ, ಸಕ್ಕರೆ ಒಟ್ಟಿಗೆ ಹಾಕಿ, ಸಣ್ಣ ಉರಿಯಲ್ಲಿ ಇಟ್ಟು, ನೊರೆ ಏಳುವ ತನಕ ಕಾಯಬೇಕು. ಸಕ್ಕರೆ ಎಷ್ಟು ಅಂತ ಮೊದಲೇ ಕೇಳುತ್ತಾರೆ. ಸಕ್ಕರೆ ಬೇಡ ಅಂದರೆ "ಸಾದೆ". ನಮ್ಮ ಸಾದಾ ದೋಸೆಯ ಸಾದಾವೇ ಅದು. ಆ ಪದ ಕೇಳಿದ್ದೇ ನನ್ನ ಧೈರ್ಯ ಮತ್ತೆ ಚಿಗುರಿತು. ಬಟ್ಟಲು ಕೈಗೆ ಬಂದ ಕೂಡಲೇ ಚಮಚ ಹಾಕಿ ಚೆನ್ನಾಗಿ ಕದಡಿದೆ. ಕಷ್ಟಪಟ್ಟು ಎಬ್ಬಿಸಿದ ನೊರೆ ಮಾಯ. ತೆಯ್ಜೆ ಕಣ್ಣು ಮುಚ್ಚಿಕೊಂಡರು. ಆಮೇಲೆ, ಲೋಟದಲ್ಲಿ ಕಾಫಿ ಬಿಡಬಾರದು ಅಂತ ಅಮ್ಮ ಕಲಿಸಿದ್ದನ್ನು ನೆನೆದು, ತಳದ ಕೆಸರನ್ನೂ ಬಿಡದೆ ಕುಡಿದೆ. ಹಲ್ಲಿನ ತುಂಬ ಮಲೆನಾಡಿನ ಮಳೆಗಾಲ.

ಇಲ್ಲಿ ಕಾಫಿ ಕುಡಿದ ಮೇಲೆ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಒಳಗೆ ಅಂಟಿದ ಪುಡಿಯ ಚಿತ್ತಾರ ನೋಡಿ ಶಕುನ ಹೇಳುವುದು ಉಂಟು. ತೆಯ್ಜೆ ಆಸೆಯಿಂದ ನನ್ನ ಬಟ್ಟಲು ಎತ್ತಿ ನೋಡಿದರು. ಒಳಗೆ ಏನೂ ಇರಲಿಲ್ಲ. ನನ್ನ ಭವಿಷ್ಯವನ್ನೆಲ್ಲ ನಾನೇ ಕುಡಿದು ಮುಗಿಸಿದ್ದೆ.

(ಟರ್ಕಿಶ್ ಕಾಫಿಯ ಸಂಪ್ರದಾಯವನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸದ್ಯ, ನಾನು ಇಲ್ಲಿಗೆ ಬರುವ ಮೊದಲೇ ಸೇರಿಸಿದರು.)

ಇಮಾಮ್ ಬಾಯಿಲ್ದಿಯ ಕತೆ ಜಾಸ್ತಿ ಇಲ್ಲ. ಬದನೆಕಾಯಿ ಸೀಳಿ, ಈರುಳ್ಳಿ, ಟೊಮೇಟೊ, ಬೆಳ್ಳುಳ್ಳಿ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸುವುದು. ಹೆಸರಿನ ಅರ್ಥ "ಇಮಾಮರಿಗೆ ಮೂರ್ಛೆ ಬಂತು". ರುಚಿಗೆ ಬಂತು ಅಂತ ಕೆಲವರು, ಸುರಿದ ಎಣ್ಣೆಯ ಲೆಕ್ಕ ಕೇಳಿ ಬಂತು ಅಂತ ಕೆಲವರು. ನಾನು ಇದು ನಮ್ಮ ಎಣ್ಣೆಗಾಯಿ ಅಂದುಕೊಂಡು, ಕಡಲೆಕಾಯಿ, ಎಳ್ಳು, ಕೊಬ್ಬರಿ, ಖಾರದ ಪುಡಿ ತುಂಬಿ ಬಿಸಿಬಿಸಿ ಒಯ್ದೆ. ಅದನ್ನು ತಣ್ಣಗೆ ತಿನ್ನಬೇಕಂತೆ. ಖಾರವನ್ನಂತೂ ಹಾಕುವುದೇ ಇಲ್ಲವಂತೆ. ತೆಯ್ಜೆ ಒಂದು ತುತ್ತಿಗೆ ಮೂರು ಲೋಟ ನೀರು ಕುಡಿದರು. ಈ ಸಲ ಇಮಾಮರು ಉಳಿದುಕೊಂಡರು.

ಮಂತಿ ಮಾಡಿದ್ದೂ ಹೀಗೆಯೇ. ಅದು ತುಂಬಿದ ಪುಟಾಣಿ ಕಡುಬು. ಬೇಯಿಸಿ, ಮೇಲೆ ಬೆಳ್ಳುಳ್ಳಿ ಮೊಸರು, ಕೆಂಪು ಮೆಣಸು ಹಾಕಿದ ಬೆಣ್ಣೆ ಸುರಿಯುತ್ತಾರೆ. ಒಳಗೆ ಕೈಮಾ ಇರುತ್ತದೆ, ನಾನು ಆಲೂಗಡ್ಡೆ ತುಂಬಿದೆ. ಕಯ್ಸೇರಿ ಊರಿನಲ್ಲಿ ಒಂದು ಚಮಚದಲ್ಲಿ 40 ಮಂತಿ ಹಿಡಿಯಬೇಕು ಅನ್ನುವ ಮಾತಿದೆ. ಸೊಸೆಯ ಕೈಚಳಕ ಅಳೆಯುವುದು ಅದರಿಂದಲೇ ಅಂತೆ. ನನ್ನ ಮಂತಿ ಒಂದನ್ನು ಹಿಡಿಯಲು ಎರಡು ಚಮಚ ಬೇಕಾಗಿತ್ತು. ತೆಯ್ಜೆ ಎಣಿಸಲು ಹೊರಟು, ಒಂದಕ್ಕೇ ನಿಲ್ಲಿಸಿದರು.

ಇನ್ನು ಐರಾನ್. ಮೊಸರು, ನೀರು, ಉಪ್ಪು. ಅಷ್ಟೇ! ಯೋಗರ್ಟ್ ಅನ್ನುವ ಪದವನ್ನೇ ಲೋಕಕ್ಕೆ ಕೊಟ್ಟ ಜನ ಮಜ್ಜಿಗೆಯನ್ನು ಇಷ್ಟು ಬಡವಾಗಿ ಬಿಟ್ಟಿದ್ದಾರಲ್ಲ ಅಂತ ನನಗೆ ಸಂಕಟವಾಯಿತು. ಇದಕ್ಕೆ ಸ್ವಲ್ಪ ಉಪಕಾರ ಮಾಡೋಣ ಅಂತ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು ಹಾಕಿದೆ. ಕೈ ಸ್ವಲ್ಪ ಜಾರಿತು.

ಎರಡು ನಿಮಿಷದಲ್ಲಿ ಬಾಗಿಲು ದಬದಬ ಬಡಿಯಿತು. ತೆಗೆದರೆ ತೆಯ್ಜೆ. ನನ್ನನ್ನು ಪಕ್ಕಕ್ಕೆ ತಳ್ಳಿ, ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿದರು. ಗ್ಯಾಸ್ ಪೈಪಿನ ಹಳದಿ ಹಿಡಿ ತಿರುಗಿಸಿದರು. ಮನೆಯ ಎಲ್ಲಾ ಕಿಟಕಿ ತೆರೆದರು. ಜನವರಿ ತಿಂಗಳು, ಹೊರಗೆ ಆಲಿಕಲ್ಲು. ಗ್ಯಾಸ್ ಸೋರುತ್ತಿಲ್ಲ ಅಂತ ಹೇಳಲು ನನ್ನ ಟರ್ಕಿಶ್ ಸಾಲದೆ, ಇಂಗಿನ ಡಬ್ಬಿಯನ್ನೇ ಅವರ ಮೂಗಿಗೆ ಹಿಡಿದೆ. ಒಂದು ಹೆಜ್ಜೆ ಹಿಂದೆ ಸರಿದರು.

"ಅಲ್ಲಾ ಅಲ್ಲಾ! ಓಲುಮ್, ಇದನ್ನು ತಿನ್ನುತ್ತೀರಾ?"

"ದಿನಾ" ಅಂದೆ.

ಆವತ್ತು ಅವರು ನಸ್ರೆದ್ದಿನ್ ಹೊಜನ, ಅಂದರೆ ನಮ್ಮ ಮುಲ್ಲಾ ನಸ್ರುದ್ದೀನನ, ಕತೆ ಹೇಳಿದರು. ಹೊಜ ಅಕ್‌ಶೆಹಿರ್‌ನ ಕೆರೆಯ ದಡದಲ್ಲಿ ಕೂತು ನೀರಿಗೆ ಹೆಪ್ಪು ಹಾಕುತ್ತಿದ್ದನಂತೆ. ಕೆರೆ ಎಲ್ಲಾದರೂ ಮೊಸರಾಗುತ್ತದಾ ಅಂತ ಜನ ನಕ್ಕರೆ, "ಆಗಲ್ಲ ಅಂತ ನನಗೂ ಗೊತ್ತು. ಆಗಿಬಿಟ್ಟರೆ?" ಅಂದನಂತೆ. ತೆಯ್ಜೆ ಯಾಕೆ ಹೇಳಿದರೋ ಏನೋ. ನನಗೆ ಮಾತ್ರ ಹೊಜನ ಮಾತು ಪ್ರೋತ್ಸಾಹದಂತೆ ಕೇಳಿಸಿತು.

ಬೋಜಾ ಮಾಡಲು ಹೊರಟಿದ್ದು ಆಮೇಲೆ.

ಬೋಜಾ ಚಳಿಗಾಲದ ಪಾನೀಯ. ಸಿರಿಧಾನ್ಯ ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಹುಳಿ ಬರಿಸುತ್ತಾರೆ. ಗಂಜಿಯಷ್ಟು ಗಟ್ಟಿ. ಮೇಲೆ ದಾಲ್ಚಿನ್ನಿ ಪುಡಿ, ಹುರಿದ ಕಡಲೆ ಉದುರಿಸಿ ಚಮಚದಲ್ಲಿ ತಿನ್ನುವುದು. ರಾತ್ರಿ ಬೀದಿಯಲ್ಲಿ "ಬೋಓಓಜಾ" ಅಂತ ಎಳೆದು ಕೂಗುತ್ತಾ ಮಾರುವವರು ಈಗಲೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾರೆ. ವೆಫಾ ಎಂಬಲ್ಲಿ 1876ರಿಂದ ನಡೆಯುತ್ತಿರುವ ಅಂಗಡಿಯಿದೆ. ಅಲ್ಲಿ ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಬೋಜಾ ಕುಡಿದ ಲೋಟವನ್ನು ಜೋಪಾನವಾಗಿ ಇಟ್ಟಿದ್ದಾರೆ. ನಾವೂ ಹೋಗಿ ಕುಡಿದೆವು. ಮೊದಲ ಚಮಚಕ್ಕೇ ನಾನು ಅಂದೆ, "ಅಯ್ಯೋ, ಇದು ನಮ್ಮ ಅಂಬಲಿ ಅಲ್ವಾ!"

ಹೆಂಡತಿ ಚಮಚ ಕೆಳಗಿಟ್ಟಳು. "ಬೇಡ ರೀ" ಅಂದಳು. ಅಷ್ಟೇ ಅಂದದ್ದು.

ಮನೆಗೆ ಬಂದವನೇ ಸಿರಿಧಾನ್ಯ, ಗೋಧಿ ನುಚ್ಚು, ಅಕ್ಕಿ ನೆನೆಹಾಕಿದೆ. ಮರುದಿನ ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ, ಸಕ್ಕರೆ ಕದಡಿ, ಅಂಗಡಿಯಿಂದ ತಂದ ಒಂದು ಲೋಟ ಬೋಜಾವನ್ನು ಹೆಪ್ಪು ಹಾಕಿದೆ. ಪಾತ್ರೆಯ ಮೇಲೆ ಬಟ್ಟೆ ಮುಚ್ಚಿ ಆಗಾಗ ಕದಡಬೇಕು ಅಂತ ತೆಯ್ಜೆ ಹೇಳಿದ್ದರು. ಬಟ್ಟೆ ಮುಚ್ಚಿದರೆ ಇರುವೆ ಬರುತ್ತದೆ ಅನ್ನುವುದು ನಮ್ಮೂರಿನ ಬುದ್ಧಿ. ಹಾಗಾಗಿ ಐದು ಲೀಟರಿನ ನೀರಿನ ಬಾಟಲಿಗೆ ತುಂಬಿ, ಮುಚ್ಚಳ ಭದ್ರವಾಗಿ ತಿರುಗಿಸಿ, ಕೋಣೆ ಬಿಸಿಮಾಡುವ ರೇಡಿಯೇಟರಿಗೆ ಒರಗಿಸಿಟ್ಟೆ. ಹಿಟ್ಟು ಹುಳಿ ಬರಲು ಬೆಚ್ಚಗಿನ ಜಾಗ ಬೇಕು ಅಂತ ಇಡ್ಲಿ ತಿಂದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಜನ ಕೆರೆ ಹಿಡಿಯಲಿಲ್ಲ. ನನ್ನ ಬೋಜಾ ಹಿಡಿಯಿತು.

ಎರಡನೆಯ ರಾತ್ರಿ ಎರಡು ಗಂಟೆಗೆ ಢಮಾರ್ ಅಂತ ಸದ್ದು. ಹೆಂಡತಿ ಎದ್ದು ಕೂತು "ಭೂಕಂಪ ರೀ!" ಅಂತ ಕಿರುಚಿದಳು. ಇಸ್ತಾಂಬುಲ್‌ನಲ್ಲಿ ಅದು ತಮಾಷೆಯಲ್ಲ. ಇಲ್ಲಿನವರು 1999ರ ಆಗಸ್ಟ್‌ನ ದೊಡ್ಡ ಭೂಕಂಪ ಮರೆತಿಲ್ಲ. ನೀರು, ಟಾರ್ಚು, ಬಿಸ್ಕತ್ತು ತುಂಬಿದ ಭೂಕಂಪದ ಚೀಲ ಎಷ್ಟೋ ಮನೆಗಳ ಬಾಗಿಲ ಬಳಿಯೇ ಇರುತ್ತದೆ. ಅವಳು ನಮ್ಮ ಚೀಲ ಎತ್ತಿಕೊಂಡು ಮೆಟ್ಟಿಲಿಗೆ ಓಡಿದಳು. ಎದುರು ಬಾಗಿಲು ತೆರೆದು ತೆಯ್ಜೆ ತಮ್ಮ ಚೀಲದೊಂದಿಗೆ ಬಂದರು. ಮೇಲಿನ ಮನೆಯವರು ಬೆಕ್ಕಿನೊಂದಿಗೆ ಇಳಿದರು. ಎಲ್ಲರೂ ತೂಗುವ ದೀಪ ನೋಡಿದರು. ದೀಪ ಅಲ್ಲಾಡುತ್ತಿರಲಿಲ್ಲ. ನಮ್ಮ ಮನೆಯಿಂದ ಹುಳಿ ವಾಸನೆ ಮಾತ್ರ ಬರುತ್ತಿತ್ತು.

ಅಡುಗೆಮನೆಯಲ್ಲಿ ಬೋಜಾ ಇಲ್ಲದ ಜಾಗ ಅಂದರೆ ಬಾಟಲಿ ಒಂದೇ. ಫ್ರಿಜ್ಜು, ಗೋಡೆ, ಪರದೆ, ನನ್ನ ಲ್ಯಾಪ್‌ಟಾಪು, ಛಾವಣಿ. ಮುಚ್ಚಳ ಇವತ್ತಿನವರೆಗೂ ಸಿಕ್ಕಿಲ್ಲ. ಯಾರೂ ಮಾತಾಡಲಿಲ್ಲ. ತೆಯ್ಜೆ ನಿಧಾನವಾಗಿ ಬಂದು, ಫ್ರಿಜ್ಜಿನ ಬಾಗಿಲ ಮೇಲಿಂದ ಬೆರಳಲ್ಲಿ ಸ್ವಲ್ಪ ತೆಗೆದು ನೆಕ್ಕಿದರು.

"ಎಲಿನೆ ಸಾಲಿಕ್" ಅಂದರು. ನಿನ್ನ ಕೈಗೆ ಆರೋಗ್ಯವಿರಲಿ ಅಂತ. ಇಲ್ಲಿ ಅಡುಗೆ ಮಾಡಿದವರಿಗೆ ಹೇಳಲೇಬೇಕಾದ ಮಾತು ಅದು. ಆಮೇಲೆ ಸೇರಿಸಿದರು, "ಸಕ್ಕರೆ ಸ್ವಲ್ಪ ಕಡಿಮೆ."

ಒಂದು ತಿಂಗಳು ನಾನು ಬರೀ ಅನ್ನ ಸಾರು ಮಾಡಿದೆ. ತೆಯ್ಜೆಗೇ ಬೇಜಾರಾಗಿರಬೇಕು. ಒಂದು ಸಂಜೆ ಬಂದು, ನಿಮ್ಮೂರಿನ ಕಾಫಿ ಹೇಗೆ ಮಾಡುತ್ತೀರಿ, ನನಗೆ ಕಲಿಸು ಅಂದರು. ಖುಷಿಯಿಂದ ಚಿಕ್ಕಮಗಳೂರಿನ ಪುಡಿ ಕೊಟ್ಟೆ, ಫಿಲ್ಟರ್ ಕೊಟ್ಟೆ. ಮೇಲಿನ ಡಬ್ಬಿ, ಕೆಳಗಿನ ಡಬ್ಬಿ ಅಂತ ವಿವರಿಸಲು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. ಇಲ್ಲಿ ಟೀ ಮಾಡುವ ಚಾಯ್‌ದಾನ್‌ಲಿಕ್ ಕೂಡ ಎರಡಂತಸ್ತಿನದು. ಕೆಳಗಿನದರಲ್ಲಿ ನೀರು ಕುದಿಯುತ್ತದೆ, ಮೇಲಿನದರಲ್ಲಿ ಸೊಪ್ಪು ಇರುತ್ತದೆ, ಎರಡನ್ನೂ ಒಟ್ಟಿಗೆ ಒಲೆಯ ಮೇಲೆ ಇಡುತ್ತಾರೆ. ತೆಯ್ಜೆ ಫಿಲ್ಟರನ್ನು ತಿರುಗಿಸಿ ನೋಡಿ ನಕ್ಕರು.

"ಗೊತ್ತು, ಗೊತ್ತು. ಇದು ನಮ್ಮದೇ ಅಲ್ವಾ!"

ಮರುದಿನ ಬೆಳಿಗ್ಗೆ ಮೆಟ್ಟಿಲ ತುಂಬ ಸುಟ್ಟ ವಾಸನೆ. ಬಾಗಿಲು ತೆರೆದರೆ ತೆಯ್ಜೆ ನಿಂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆ, ಬಟ್ಟೆಯಲ್ಲಿ ನನ್ನ ಫಿಲ್ಟರ್. ತಳ ಕಪ್ಪಾಗಿ ಒಂದು ಕಡೆಗೆ ವಾಲಿತ್ತು. ನಾನು ಅವರನ್ನು ದಾಟಿಕೊಂಡು ಒಳಗೆ ಹೋಗಿ, ಗ್ಯಾಸಿನ ಹಳದಿ ಹಿಡಿ ತಿರುಗಿಸಿ, ಒಂದೊಂದೇ ಕಿಟಕಿ ತೆರೆಯತೊಡಗಿದೆ.