ಕ್ಯೂಸೆಕ್ ದೊಡ್ಡದಾ, ಟಿಎಂಸಿ ದೊಡ್ಡದಾ?

2023ರ ಸೆಪ್ಟೆಂಬರ್. ಕೆಆರ್‌ಎಸ್‌ನಲ್ಲಿ ನೀರಿಲ್ಲ, ಮಂಡ್ಯದಲ್ಲಿ ನಿದ್ದೆಯಿಲ್ಲ. ತಮಿಳುನಾಡಿಗೆ 15 ದಿನ 5 ಸಾವಿರ ಕ್ಯೂಸೆಕ್‌ನಂತೆ ನೀರು ಬಿಡಿ ಅಂತ ಕಾವೇರಿ ಪ್ರಾಧಿಕಾರ ಹೇಳಿತ್ತು. ನಾನು ಟೀ ಅಂಗಡಿಯಲ್ಲಿ ಬೋಂಡಾಗೆ ಕಾಯುತ್ತಿದ್ದೆ. ಗೋಡೆ ಮೇಲಿನ ಟಿವಿಯಲ್ಲಿ ಕೆಂಪು ಪಟ್ಟಿ ಓಡಿತು: '5000 ಟಿಎಂಸಿ ಬಿಡಲು ಆದೇಶ!'

ಯಾವ ಚಾನೆಲ್ ಅಂತ ಬೇಡ ಬಿಡಿ. ಕೆಆರ್‌ಎಸ್ ಪೂರ್ತಿ ತುಂಬಿದರೂ ಹಿಡಿಯುವುದು 49.45 ಟಿಎಂಸಿ. ಅಂದರೆ ನೂರೊಂದು ಕೆಆರ್‌ಎಸ್ ಖಾಲಿ ಮಾಡಬೇಕು. ನೂರೊಂದು ಈಡುಗಾಯಿಯ ಹರಕೆ ಇದ್ದ ಹಾಗಾಯಿತು. ಅಂಗಡಿಯಲ್ಲಿ ಒಬ್ಬರೂ ಬೆಚ್ಚಲಿಲ್ಲ. "ನೋಡಿ ಸ್ವಾಮಿ ಅನ್ಯಾಯ" ಅಂದರು, ಟೀ ಹೀರಿದರು. ಹಿಂದಿನ ದಿನ 5000 ಕ್ಯೂಸೆಕ್ ಅಂದಾಗಲೂ ಇಷ್ಟೇ ಸಿಟ್ಟು ಬಂದಿತ್ತಂತೆ.

ಒಬ್ಬ ಹುಡುಗ ಮಾತ್ರ ಕೇಳಿದ, "ಅಣ್ಣ, ಕ್ಯೂಸೆಕ್ ದೊಡ್ಡದಾ, ಟಿಎಂಸಿ ದೊಡ್ಡದಾ?"

"ಕ್ಯೂಸೆಕ್ಕೇ ಕಣ್ಲಾ. ಸಾವಿರಗಟ್ಟಲೆ ಹೇಳ್ತಾರಲ್ಲ!"

ಇವರಿಗೆ ಲೆಕ್ಕ ಬರಲ್ಲ ಅಂದುಕೊಳ್ಳಬೇಡಿ. ಟನ್ ಕಬ್ಬಿಗೆ ಕಾರ್ಖಾನೆ ಕೊಡುವ ರೇಟಿನಲ್ಲಿ ಕಟಾವು ಕೂಲಿ, ಲಾರಿ ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅಂತ ಬಾಯಲ್ಲೇ ಹೇಳುವ ಜನ. ಪೇಪರ್ ಕೈಗೆ ಬಂದರೆ ಮಾತ್ರ ಅಂಕಿ ಮಂತ್ರವಾಗುತ್ತದೆ. ನಾನೇನು ಕಮ್ಮಿಯಾ? 'ಇಂದಿನ ಜಲಾಶಯ ಮಟ್ಟ'ವನ್ನು ದಿನಾ ಪಂಚಾಂಗದ ಹಾಗೆ ಓದುತ್ತೇನೆ. ಅರ್ಥಕ್ಕಲ್ಲ, ಪುಣ್ಯಕ್ಕೆ.

ಮೂಲೆಯಲ್ಲಿ ಕೂತಿದ್ದ ಹಳೇ ನೀರುಗಂಟಿಯೊಬ್ಬರು ಲೋಟ ಕೆಳಗಿಟ್ಟರು. "ಕ್ಯೂಸೆಕ್ ಅಂದ್ರೆ ಓಟ ಕಣಯ್ಯಾ, ಟಿಎಂಸಿ ಅಂದ್ರೆ ದಾಸ್ತಾನು. ಸೆಕೆಂಡಿಗೆ 28 ಲೀಟರ್ ಹರಿದ್ರೆ ಒಂದು ಕ್ಯೂಸೆಕ್. ಅಂಥವು ಹನ್ನೊಂದೂವರೆ ಸಾವಿರ ಒಂದು ಹಗಲು ಒಂದು ರಾತ್ರಿ ಹರಿದ್ರೆ ಒಂದು ಟಿಎಂಸಿ. ಈಗ ಬಿಡು ಅಂತಿರೋದು 15 ದಿನಕ್ಕೆ ಆರೂವರೆ ಟಿಎಂಸಿ."

"ಅಷ್ಟೇನಾ?" ಹುಡುಗನಿಗೆ ನಿರಾಸೆ.

"ಅಷ್ಟೇನಾ ಅಂತೀಯಾ? 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯೋ ನೀರಿಗೆ ಅಂತ ವರ್ಷಕ್ಕೆ ಜಾಸ್ತಿ ಕೊಟ್ಟಿದ್ದೇ 4.75."

ಅಂಗಡಿ ಒಂದು ಗಳಿಗೆ ಸುಮ್ಮನಾಯಿತು. ಐದು ಸಾವಿರಕ್ಕೆ ಬೆಚ್ಚದವರು ಆರೂವರೆಗೆ ಬೆಚ್ಚಿದ್ದರು. ಈ ಒಂದು ಸಾಲನ್ನು ಟಿವಿಯವರು ಹೇಳಿದ್ದರೆ ಅವರ ಗಂಟಲಿಗೂ ರೆಸ್ಟ್ ಸಿಗುತ್ತಿತ್ತು, ಅಲ್ವಾ?

ಅಡಿ ಲೆಕ್ಕ ಇನ್ನೂ ಚೆಂದ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. 'ನೂರು ಅಡಿ ಮುಟ್ಟಿದ ಕೆಆರ್‌ಎಸ್' ಅಂತ ಹೆಡ್ಡಿಂಗ್ ಬಂದರೆ ಐದರಲ್ಲಿ ನಾಲ್ಕು ಪಾಲು ತುಂಬಿತು ಅಂತ ಖುಷಿಪಡುತ್ತೇವೆ. ನೀರು ಅರ್ಧವೂ ಇರುವುದಿಲ್ಲ. ಜಲಾಶಯ ಡ್ರಮ್ ಅಲ್ಲ, ತಳ ಕಿರಿದು, ಬಾಯಿ ಅಗಲ. ಇದನ್ನು ವಿವರಿಸಲು ನಾನು ಒದ್ದಾಡುತ್ತಿದ್ದರೆ ಬೋಂಡಾದವನು ಜಾಲರಿಯಲ್ಲಿ ಬಾಣಲೆ ತೋರಿಸಿದ. "ಕೆಳಗಿನ ಎರಡು ಬೆರಳಿಗೆ ಅರ್ಧ ಲೀಟರ್ ಸಾಕು ಸಾರ್. ಮೇಲಿನ ಎರಡು ಬೆರಳಿಗೆ ಎರಡು ಪ್ಯಾಕೆಟ್ ಹುಯ್ಯಬೇಕು. ಎಷ್ಟು ಬೆರಳು ಎಣ್ಣೆ ಬೇಕು ಅಂತ ಅಂಗಡಿಯವನು ಕೇಳ್ತಾನಾ? ಎಷ್ಟು ಲೀಟರ್ ಅಂತ ಕೇಳ್ತಾನೆ."

ಅಷ್ಟರಲ್ಲಿ ಟಿವಿಯವರಿಗೂ ತಪ್ಪು ಗೊತ್ತಾಗಿರಬೇಕು. ಪಟ್ಟಿ ಬದಲಾಯಿತು:

'ಪ್ರತಿದಿನ 5000 ಕ್ಯೂಸೆಕ್ ಟಿಎಂಸಿ!'